ತಟ್ಟೆಯಲ್ಲಿ ಬೆಳೆದ ತಂಗಿಯ ಕಣ್ಣು

ನನಗೂ ನನ್ನ ತಂಗಿಗೂ ಇರುವುದು ಒಂದೇ ಕಾಯಿಲೆ. ಕಣ್ಣಿನ ಹಿಂಬದಿಯ ಪರದೆ ಅಂಚಿನಿಂದ ಒಳಕ್ಕೆ ಸಾಯುತ್ತಾ ಬರುತ್ತದೆ. ಮೊದಲು ಮಬ್ಬುಗತ್ತಲಲ್ಲಿ ಕಾಣುವುದು ನಿಲ್ಲುತ್ತದೆ, ಆಮೇಲೆ ಅಕ್ಕಪಕ್ಕದ್ದು, ಕೊನೆಗೆ ಎದುರಿಗಿರುವುದೂ. ನಾನು ಸೇಲಂನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಬೋರ್ಡು ಇನ್ನೂ ಚೆನ್ನಾಗಿ ಕಾಣುತ್ತದೆ. ಬೆಂಚಿನ ಕೊನೆಯಲ್ಲಿ ಕೂತ ಮಕ್ಕಳು ತಲೆ ತಿರುಗಿಸಿದರಷ್ಟೇ ಕಾಣುತ್ತಾರೆ. ತಂಗಿ ಕಂಬೈನಲ್ಲೂರಿನಲ್ಲಿ ರವಿಕೆ ಹೊಲಿಯುತ್ತಿದ್ದಳು. ನನಗಿಂತ ಚಿಕ್ಕವಳಾದರೂ ಕಾಯಿಲೆ ಅವಳಲ್ಲಿ ಬೇಗ ಓಡಿತು. ಈಗ ಮಿಷನ್ ಮುಚ್ಚಿಟ್ಟಿದ್ದಾಳೆ.

ನಮ್ಮಿಬ್ಬರನ್ನೂ ನೋಡುವ ಸೇಲಂನ ಡಾಕ್ಟರು ಒಮ್ಮೆ, ಚೆನ್ನೈನ ಒಂದು ಲ್ಯಾಬಿನವರು ಇಂಥ ಕಾಯಿಲೆಯವರ ರಕ್ತ ಕೇಳುತ್ತಿದ್ದಾರೆ ಎಂದರು. ರಕ್ತದ ಜೀವಕೋಶಗಳನ್ನು ಹಿಂದಕ್ಕೆ ತಿರುಗಿಸಿ, ಕಣ್ಣೋ ಮೂಗೋ ಏನೂ ಆಗಿರದ ಬಸಿರಿನ ಮೊದಲ ದಿನಗಳ ಹಾಗೆ ಮಾಡುತ್ತಾರಂತೆ. ಅವೇ ಕಾಂಡಕೋಶಗಳು. ಅಲ್ಲಿಂದ ಅವುಗಳನ್ನು ತಟ್ಟೆಯಲ್ಲಿ ಸಾಕಿ, ಕಣ್ಣಿನ ಪರದೆಯ ಪುಟ್ಟ ಮಾದರಿಯಾಗಿ ಬೆಳೆಸಿ, ಅದರ ಮೇಲೆ ಔಷಧಿ ಹಾಕಿ ನೋಡುತ್ತಾರಂತೆ. "ಇದು ನಿಮಗೆ ಕೊಡುವ ಚಿಕಿತ್ಸೆ ಅಲ್ಲ," ಎಂದು ಡಾಕ್ಟರು ಒತ್ತಿ ಹೇಳಿದರು. ನಾವಿಬ್ಬರೂ ತಲೆಯಾಡಿಸಿದೆವು. ಆದರೂ ಒಳಗೊಳಗೇ ಆಸೆ ಇಟ್ಟುಕೊಂಡೆವು. ಒಂದೇ ಬೆಳಿಗ್ಗೆ, ಅಕ್ಕಪಕ್ಕದ ಕುರ್ಚಿಯಲ್ಲಿ ಕೂತು ರಕ್ತ ಕೊಟ್ಟೆವು.

ಕೆಲವು ತಿಂಗಳು ಕಳೆದ ಮೇಲೆ ಆ ಲ್ಯಾಬಿನಲ್ಲಿ ಸಂಶೋಧನೆ ಮಾಡುವ ಹುಡುಗಿಯ ಫೋನ್ ಬಂತು. "ಅಕ್ಕಾ, ಉಂಗಳೋಡದು ವಳರಲೆ," ಎಂದಳು ತಮಿಳಿನಲ್ಲಿ. ನಿಮ್ಮದು ಬೆಳೆಯಲಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ, ಕೆಲವರದು ಹಿಡಿಯುತ್ತದೆ, ಕೆಲವರದು ಹಿಡಿಯುವುದಿಲ್ಲ ಎಂದು ಸಮಾಧಾನ ಹೇಳಿದಳು. ತಂಗಿಯದು ಏನಾಯಿತು ಎಂದು ಕೇಳಿದೆ. ಅವಳ ದನಿಯೇ ಬದಲಾಯಿತು. ಅದು ತುಂಬಾ ಚೆನ್ನಾಗಿ ಬಂದಿದೆಯಂತೆ, ಲ್ಯಾಬಿನವರೆಲ್ಲ ಖುಷಿಯಾಗಿದ್ದಾರಂತೆ.

ಸ್ಟಾಫ್ ರೂಮಿನಲ್ಲಿ ಕೂತಿದ್ದೆ. ಮುಂದಿನ ಪೀರಿಯಡ್ಡಿನ ಬೆಲ್ಲು ಹೊಡೆದರೂ ಏಳಲು ಮನಸ್ಸಾಗಲಿಲ್ಲ. ಅದೇ ಅಪ್ಪ, ಅದೇ ಅವ್ವ, ಅದೇ ಕಾಯಿಲೆ. ಚಿಕ್ಕಂದಿನಿಂದ ಬಣ್ಣಕ್ಕೆ, ನಗುವಿಗೆ, ಕೂದಲಿಗೆ ಎಲ್ಲರೂ ಅವಳನ್ನೇ ಹೊಗಳುತ್ತಿದ್ದರು. ನನ್ನ ಪಾಲಿಗಿದ್ದದ್ದು ಓದು. ಓದಿನಲ್ಲಿ ನಾನು ಯಾರಿಗೂ ಸೋತವಳಲ್ಲ. ಇಲ್ಲಿ ಓದಿಗೆ ಕೆಲಸವೇ ಇರಲಿಲ್ಲ. ನನ್ನ ರಕ್ತವೇ ಫೇಲಾಗಿತ್ತು.

ಮಾರಂಡಹಳ್ಳಿಯಲ್ಲಿರುವ ಅವ್ವ ಫೋನ್ ಮಾಡಿದಾಗಲೆಲ್ಲ ಅದೇ ಮಾತು.

"ಅದು ಈಗ ಎಷ್ಟು ದಪ್ಪ ಆಗೈತಂತೆ?" ಬಸುರಿ ಮಗಳನ್ನು ವಿಚಾರಿಸುವ ಹಾಗೆ ಕೇಳುತ್ತಿದ್ದಳು.

"ಎಳ್ಳುಕಾಳಿನಷ್ಟೂ ಇಲ್ಲವ್ವ."

"ಆಗ್ಲಿ, ಮೆಲ್ಲಗೆ ಬೆಳೀಲಿ. ನಿಂದು ಯಾಕೆ ಬರ್ಲಿಲ್ಲ? ನೀ ನೆಟ್ಟಗೆ ಉಣ್ಣಲ್ಲ, ಅದಕ್ಕೇ."

ಅವ್ವ ಊರಿಗೆಲ್ಲ ಹೇಳಿಕೊಂಡು ಬಂದಳು. ನೆಂಟರ ಮದುವೆಗೆ ಹೋದರೆ ಊಟದ ಪಂಕ್ತಿಯಲ್ಲೇ ಒಬ್ಬರು, "ನಿನ್ ತಂಗಿಗೆ ಒಸ ಕಣ್ಣು ಬೆಳೀತಾ ಐತಂತೆ?" ಎಂದು ಕೇಳಿದರು. "ಕಣ್ಣಲ್ಲ, ಪರದೆಯ ಒಂದು ಚೂರು. ಅದನ್ನ ಯಾರಿಗೂ ಇಡಲ್ಲ," ಎಂದೆ. ಹೇಳಿದ್ದು ನಿಜವೇ. ಆದರೆ ನಿಜ ಹೇಳಬೇಕೆಂದು ಹೇಳಿದ್ದಲ್ಲ. ತಂಗಿಗೆ ಫೋನ್ ಮಾಡುವುದನ್ನು ಕಡಿಮೆ ಮಾಡಿದೆ.

ಆಮೇಲೆ ಆ ಹುಡುಗಿ ರಕ್ತ ಕೊಟ್ಟವರನ್ನು ಕಾಣಲು ಸೇಲಂಗೇ ಬಂದಳು. ಡಾಕ್ಟರ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು, ಮೈಕ್ರೋಸ್ಕೋಪಿನಲ್ಲಿ ತೆಗೆದ ಚಿತ್ರ ತೋರಿಸಿದಳು. ಕಂಬೈನಲ್ಲೂರಿನಿಂದ ಬಂದಿದ್ದ ತಂಗಿ ಲ್ಯಾಪ್‌ಟಾಪಿಗೆ ಮೂಗು ತಾಗುವಷ್ಟು ಬಗ್ಗಿದಳು. ತಲೆಯನ್ನು ಆ ಕಡೆ ಈ ಕಡೆ ಆಡಿಸಿ ಹುಡುಕಿದಳು.

"ಅಕ್ಕಾ, ಎಲ್ಲೈತೆ? ನಂಗೆ ಸಿಗ್ತಾ ಇಲ್ಲ."

ನನಗೆ ಕಾಣುತ್ತಿತ್ತು. ಕಣ್ಣು ಕೀಳಲಾಗಲಿಲ್ಲ, ಅಷ್ಟು ಚೆಂದವಾಗಿತ್ತು.

"ಹೇಳಕ್ಕಾ, ಎಂಗೈತೆ?"

"ದುಂಡಗೈತೆ. ಪಾಯಸದಾಗೆ ಬೆಂದ ಸಬ್ಬಕ್ಕಿ ಕಾಳು ಇರ್ತದಲ್ಲ, ಅಂಗೆ. ನಡುವೆ ಬೆಳ್ಳಗೆ, ಸುತ್ತ ತಿಳಿಯಾಗಿ ಒಂದು ಅಂಚು."

ಆ ಅಂಚಿನಲ್ಲೇ ಬೆಳಕು ಹಿಡಿಯುವ ಕೋಶಗಳಿವೆ, ಬೆಳಕು ಬಿದ್ದರೆ ಅವು ಸಣ್ಣಗೆ ಸ್ಪಂದಿಸುತ್ತವೆ ಎಂದಳು ಹುಡುಗಿ. ಹಾಗಂತ ಅದಕ್ಕೆ ಕಾಣುತ್ತದೆ ಅಂತಲ್ಲ, ಕಾಣಲು ಮೆದುಳು ಬೇಕು. ಮುಂದೆ ಇದೂ ನಿಮ್ಮ ಕಣ್ಣಿನಂತೆಯೇ ಕೆಡಬಹುದು, ಅದು ಹೇಗೆ ಕೆಡುತ್ತದೆ ಎಂದು ನೋಡುವುದಕ್ಕೇ ಬೆಳೆಸಿದ್ದು ಎಂದಳು. ತಂಗಿ ಮೆಲ್ಲಗೆ ನಕ್ಕಳು. "ನಂಗೆ ತಿಳೀದ ಬೆಳಕು ಅದಕ್ಕೆ ತಿಳೀತದಾ? ಅದರ ಮೇಲೇ ಒಟ್ಟೆಕಿಚ್ಚು ಬರ್ತೈತೆ."

ಬಸ್ ಸ್ಟ್ಯಾಂಡಿಗೆ ಬಂದು, ತಂಗಿಯನ್ನು ಬಸ್ಸು ಹತ್ತಿಸಲು ನಿಂತಿದ್ದೆ. ಅವಳು ನನ್ನ ಮೊಣಕೈ ಹಿಡಿದುಕೊಂಡಿದ್ದಳು. ಇನ್ನು ತಡೆಯಲಾಗಲಿಲ್ಲ.

"ನಂಗೆ ನಿನ್ ಮೇಲೈತೆ ಕಣೆ ಒಟ್ಟೆಕಿಚ್ಚು."

"ಗೊತ್ತು. ಪೋನೇ ಮಾಡ್ತಿರ್ಲಿಲ್ಲ ನೀನು." ಕೋಪವಿಲ್ಲದೆ ಹೇಳಿದಳು. ಆಮೇಲೆ, "ನಂಗಿಲ್ವಾ? ಅದು ನಂದು, ನೋಡಿದ್ದು ನೀನು. ನನ್ ಮಗಳು ದೊಡ್ಡವಳಾಗ್ತಾ ಅವ್ಳೆ, ಅವ್ಳ ಮೊಕಾನೂ ನಿಂಗೇ ಕಾಣ್ತೈತೆ," ಎಂದಳು.

ಬಸ್ಸು ಬಂತು. ಕಂಡಕ್ಟರಿಗೆ ಅವಳು ಇಳಿಯುವ ಜಾಗ ಹೇಳಿ ಕೂರಿಸಿದೆ. ಮನೆಗೆ ನಡೆಯುವಾಗ ನನ್ನ ಹೊಟ್ಟೆಯುರಿ ಆರಿತು ಅಂದುಕೊಂಡೆ. ಆರಿರಲಿಲ್ಲ. ಮರುವಾರವೇ ಡಾಕ್ಟರ ಹತ್ತಿರ ಹೋಗಿ, ಇನ್ನೊಂದು ಸಲ ರಕ್ತ ಕೊಡುತ್ತೇನೆ ಎಂದೆ.

ಈ ಸಲ ನನ್ನದೂ ಹಿಡಿಯಿತು. ಆದರೆ ಅಷ್ಟರಲ್ಲಿ ತಂಗಿಯದರ ಮೇಲೆಯೇ ಕೆಲಸ ಬಹಳ ಮುಂದೆ ಹೋಗಿತ್ತು. ಸದ್ಯಕ್ಕೆ ನಿಮ್ಮ ಕೋಶಗಳನ್ನು ಫ್ರೀಜ್ ಮಾಡಿ ಇಟ್ಟಿದ್ದೇವೆ, ಬೇಕಾದಾಗ ಬೆಳೆಸುತ್ತೇವೆ ಎಂದಳು ಹುಡುಗಿ. ತಂಗಿಗೆ ಹೇಳಿದೆ. "ಕೆಟ್ಟೋಗಲ್ಲ ಅಲ್ವಾ? ಇರ್ಲಿ ಬಿಡು," ಎಂದಳು.

ಮೊನ್ನೆ ಅವಳೇ ಫೋನ್ ಮಾಡಿದಳು. ಅವಳ ಆ ಕಾಳುಗಳ ಮೇಲೆ ಹೊಸ ಔಷಧಿಯೊಂದನ್ನು ಹಾಕಿದ್ದಾರಂತೆ. ಅವ್ವನಿಗೂ ಹೇಳದೆ ಮೊದಲು ನನಗೇ ಹೇಳಿದ್ದಳು.

"ಒಟ್ಟೆ ಉರೀತೈತಾ?" ಎಂದು ಕೇಳಿದಳು.

"ಉರೀತೈತೆ," ಎಂದೆ.

ಇಬ್ಬರೂ ನಕ್ಕೆವು. ಔಷಧಿ ಏನು ಮಾಡಿತು ಎಂಬುದು ಲ್ಯಾಬಿನವರಿಗೂ ಇನ್ನೂ ತಿಳಿದಿಲ್ಲ.