ನೆಲ ನಡುಗಿದ ಮೇಲೆ ಒಂದು ಫೋನು

ಕಾವ್‌ಶ್ಯುಂಗ್‌ನಲ್ಲಿ ನೆಲ ನಡುಗಿತೆಂದರೆ ಜನ ಮೊದಲು ಮೇಜಿನ ಕೆಳಗೆ ನುಗ್ಗುತ್ತಾರೆ, ಆಮೇಲೆ ಫೋನು ಹುಡುಕುತ್ತಾರೆ. ಅಮ್ಮನಿಗೆ, ಹೆಂಡತಿಗೆ, ಮುನಿಸಿಕೊಂಡು ಮಾತು ಬಿಟ್ಟ ತಮ್ಮನಿಗೂ ಆವತ್ತು ಒಂದು ಕರೆ ಹೋಗುತ್ತದೆ. ಚುವಾಂಗ್ ಯುವೆಶ್ಯಾ ಮಾತ್ರ ಲಿನ್‌ಯುವಾನ್ ಕಡೆಯ ಒಂದು ರಾಸಾಯನಿಕ ಕಾರ್ಖಾನೆಯ ಕಂಟ್ರೋಲ್ ರೂಮಿಗೆ ಫೋನು ಮಾಡುತ್ತಿದ್ದಳು.

“ನಿಂತಿದೆಯಾ?”

“ನಿಂತಿದೆ ಅಕ್ಕ.”

ಅವಳು ಕೇಳುತ್ತಿದ್ದುದು ಪೈಪ್ ರ್ಯಾಕಿನ ವಿಚಾರ. ಕಾರ್ಖಾನೆಯ ಈ ತುದಿಯಿಂದ ಆ ತುದಿಗೆ ನೂರಾರು ಪೈಪುಗಳನ್ನು ಹೊತ್ತು ನಿಲ್ಲುವ ಉಕ್ಕಿನ ಅಟ್ಟಣೆ ಅದು. ಬಂದವರೆಲ್ಲ ಗೋಪುರ ನೋಡುತ್ತಾರೆ, ಚಿಮಣಿ ನೋಡುತ್ತಾರೆ, ಹೊತ್ತು ನಿಂತದ್ದನ್ನು ಯಾವ ಪುಣ್ಯಾತ್ಮನೂ ತಲೆಯೆತ್ತಿ ನೋಡುವುದಿಲ್ಲ. ಅದರ ಕಂಬ ಎಷ್ಟು ದಪ್ಪ, ತೊಲೆ ಎಷ್ಟು ಆಳ, ಓರೆಕಟ್ಟು ಎಲ್ಲಿ ಎಂದು ವಿನ್ಯಾಸದ ಆಫೀಸಿನಲ್ಲಿ ಕೂತು ಲೆಕ್ಕ ಹಾಕುವುದರಲ್ಲೇ ಯುವೆಶ್ಯಾಳ ತಲೆ ಬೆಳ್ಳಗಾಗಿತ್ತು. ಕಾದ ಪೈಪು ಉದ್ದವಾಗುತ್ತದೆ, ಆರಿದರೆ ಗಿಡ್ಡವಾಗುತ್ತದೆ. ಅದನ್ನು ಒಂದು ಕಡೆ ಬಿಗಿದು ಮಿಕ್ಕ ಕಡೆ ಜಾರಲು ಬಿಡಬೇಕು. ಎಲ್ಲ ಕಡೆ ಕಟ್ಟಿಹಾಕಿದರೆ ಅದು ಕಂಬವನ್ನೇ ತಳ್ಳಿ ಸೊಟ್ಟ ಮಾಡುತ್ತದೆ. ಜೊತೆಗೆ ಅಟ್ಟಣೆಯ ಅಗಲದಲ್ಲಿ ಐದನೇ ಒಂದು ಪಾಲು ಖಾಲಿ ಬಿಡಬೇಕು, ನಾಳೆ ಬರುವ ಪೈಪುಗಳಿಗೆ. ಆ ಖಾಲಿ ಜಾಗಕ್ಕಾಗಿ ಅವಳು ಅದೇ ಆಫೀಸಿನ ಪೈಪು ವಿಭಾಗದ ಲಾಯ್ ಜೊತೆ ವರ್ಷಗಟ್ಟಲೆ ಜಗಳವಾಡಿದ್ದಳು.

“ಅಕ್ಕ, ನಿಮ್ಮ ಮನೇಲೂ ಒಂದು ರೂಮು ಖಾಲಿ ಇಟ್ಟಿದ್ದೀರಂತಲ್ಲ,” ಎಂದ ಲಾಯ್ ಒಮ್ಮೆ, ಎಲ್ಲರ ಎದುರಿಗೆ. “ಅದೂ ಮುಂದೆ ಬರೋರಿಗಾ?”

“ಹೌದು ಕಣೋ. ನಿನಗಂತೂ ಅಲ್ಲ, ಕನಸು ಕಾಣಬೇಡ.”

ಊಟದ ಡಬ್ಬಿ ಬಿಚ್ಚಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು. ಸಂಜೆ ಮನೆಗೆ ಹೋದವಳೇ ಆ ರೂಮಿನ ಬಾಗಿಲು ಎಳೆದು ಮುಚ್ಚಿದಳು, ಮತ್ತೆ ತೆರೆದದ್ದು ಗುಡಿಸುವುದಕ್ಕೆ ಮಾತ್ರ.

ಕಂಟ್ರೋಲ್ ರೂಮಿನಲ್ಲಿ ಫೋನೆತ್ತುತ್ತಿದ್ದವನು ತೂ. ಅವನ ಮುಖವನ್ನು ಅವಳು ಕಂಡವಳೇ ಅಲ್ಲ, ದನಿಯಷ್ಟೇ ಗೊತ್ತು. “ನಿಂತಿರೋದು ನಿಮ್ಮ ಲೆಕ್ಕದಿಂದ ಅಲ್ಲ ಅಕ್ಕ,” ಎಂದು ಕೆಣಕುತ್ತಿದ್ದ. “ಕೆಡದೆ ಇರಲಿ ಅಂತ ಶಕುನಕ್ಕೆ ಮಷೀನಿನ ತಲೆ ಮೇಲೆ ಹಸಿರು ಪೊಟ್ಟಣದ ಕುರುಕಲು ಇಟ್ಟಿದ್ದೀವಲ್ಲ, ಅದರಿಂದ!” ಆಮೇಲೆ ಫೋನು ಇಡುತ್ತಿದ್ದ. ಅವನು ಇಡುವ ಮುಂಚೆ ಅವಳು ಒಂದು ಗಳಿಗೆ ಸುಮ್ಮನೆ ಕಾಯುತ್ತಿದ್ದಳು. ‘ನೀವು ಹೇಗಿದ್ದೀರಿ’ ಎಂದು ಅವನು ಕೇಳಬಹುದು ಎಂದು. ಅವನು ಕೇಳುತ್ತಿರಲಿಲ್ಲ. ನಾಕು ಎಚ್ಚರಿಕೆ ಗಂಟೆಗಳು ಒಟ್ಟಿಗೆ ಬಡಿದುಕೊಳ್ಳುವ ಹೊತ್ತಿನಲ್ಲಿ ಅವನಿಗಾದರೂ ಪುರುಸೊತ್ತು ಎಲ್ಲಿ, ಪಾಪ! ಆದರೂ ಅವಳಿಗೆ ಬೇಕಿದ್ದುದು ಅಷ್ಟೇ. ಒಂದೇ ಒಂದು ಸಲ ಯಾರಾದರೂ ಕೇಳಬೇಕಿತ್ತು.

ನಿವೃತ್ತಿಯ ದಿನ ಆಫೀಸಿನವರು ಕೇಕು ಕತ್ತರಿಸಿ, ಭುಜ ಒತ್ತುವ ಯಂತ್ರವೊಂದನ್ನು ಉಡುಗೊರೆ ಕೊಟ್ಟು ಕಳಿಸಿದರು. ಒತ್ತಲು ಮನೆಯಲ್ಲಿ ಯಾರೂ ಇಲ್ಲವೆಂದು ಎಲ್ಲರಿಗೂ ಗೊತ್ತಿತ್ತಲ್ಲ.

ಆ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವಳು ಸೋಯಾ ಹಾಲಿಗೆ ಕರಿದ ಹಿಟ್ಟಿನ ಕೋಲು ಅದ್ದಿಕೊಂಡು ತಿನ್ನುತ್ತಿದ್ದಾಗ ನೆಲ ಜೋರಾಗಿ ನಡುಗಿತು. ಕಪಾಟಿನ ಬಾಗಿಲು ತೆರೆದುಕೊಂಡು ಬಟ್ಟಲುಗಳು ನೆಲಕ್ಕೆ ಬಿದ್ದವು. ನಡುಕ ನಿಂತ ಮೇಲೆ ಗೋಡೆಯಾಚೆಯ ಮನೆಯವಳು ಮಗಳಿಗೆ ಫೋನಿನಲ್ಲಿ ಕಿರುಚುವುದು ಕೇಳಿಸಿತು. “ಆಚೆ ಬಾರೇ! ಚಪ್ಪಲಿ ಹಾಕ್ಕೊಂಡು ಬಾ, ಗಾಜು ಬಿದ್ದಿರುತ್ತೆ!”

ಯುವೆಶ್ಯಾ ಫೋನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟಳು. ಈಗ ಕೇಳಲು ತಾನು ಯಾರು? ಆದರೂ ತಡೆಯಲಾಗಲಿಲ್ಲ. ಎತ್ತಿದ್ದು ಯಾವುದೋ ಹೊಸ ಹೆಣ್ಣುದನಿ.

“ಯಾವ ವಿಭಾಗದಿಂದ?”

“ಈಗ ಯಾವುದೂ ಅಲ್ಲಮ್ಮ. ರ್ಯಾಕ್ ನಿಂತಿದೆಯಾ ಅಂತ...”

“ಹೊರಗಿನವರಿಗೆ ಹೇಳೋ ಹಾಗಿಲ್ಲ.” ಫೋನು ಕಟ್ಟಾಯಿತು.

ಬೇಕಿತ್ತಾ ಇದು ನನಗೆ ಎಂದು ತನ್ನನ್ನೇ ಬೈದುಕೊಂಡಳು. ಒಡೆದ ಬಟ್ಟಲುಗಳ ನಡುವೆ ಹಾಗೇ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಫೋನು ಬಡಿದುಕೊಂಡಿತು.

“ಅಕ್ಕ, ತೂ ಮಾತಾಡ್ತಿರೋದು. ಅವಳು ಹೊಸಬಳು, ಬೇಜಾರು ಮಾಡ್ಕೋಬೇಡಿ. ನಿಂತಿದೆ. ಹಬೆ ಪೈಪು ಒಂದು ಗೇಣು ಜಾರಿ ಮತ್ತೆ ತನ್ನ ಜಾಗಕ್ಕೆ ಬಂತು, ನೀವು ಹೇಳ್ತಿದ್ರಲ್ಲ, ಹಾಗೇ. ಸರಿ, ಇಡ್ಲಾ?”

“ಇಡಬೇಡ.” ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. “ನನ್ನನ್ನೂ ಒಂದು ಸಲ ಕೇಳಪ್ಪ.”

ಆ ಕಡೆ ಗಂಟೆ ಬಡಿಯುತ್ತಲೇ ಇತ್ತು. ತೂ ಯಾರ ಮನೆಯ ಕ್ಷೇಮವನ್ನೂ ವಿಚಾರಿಸಿ ಅಭ್ಯಾಸವಿಲ್ಲದ ಮನುಷ್ಯ. ಕೊನೆಗೆ ತನಗೆ ಬರುವುದನ್ನೇ ಕೇಳಿದ, ನೆಲ ನಡುಗಿದ ಮೇಲೆ ಕಾರ್ಖಾನೆಯ ಒಂದೊಂದು ವಿಭಾಗವನ್ನೂ ಕೇಳುವ ಕ್ರಮದಲ್ಲೇ.

“ಬಿದ್ದದ್ದು ಏನಾದ್ರೂ?”

“ಬಟ್ಟಲುಗಳು.”

“ಸೋರಿಕೆ?”

“ಇಲ್ಲ,” ಎಂದಳು, ತೋಳಿನಿಂದ ಮುಖ ಒರೆಸಿಕೊಳ್ಳುತ್ತ.

“ಜನಕ್ಕೆ ಪೆಟ್ಟು?”

“ಜನ ಅಂದ್ರೆ ನಾನೊಬ್ಬಳೇ ಕಣಪ್ಪ.”

“ಸರಿ ಅಕ್ಕ. ಇನ್ನೊಂದು ಸಲ ನಡುಗೋದು ಇದ್ದೇ ಇರುತ್ತೆ. ಆಗ ಮತ್ತೆ ಕೇಳ್ತೀನಿ. ನಮ್ಮಲ್ಲಿ ಅದೇ ಪದ್ಧತಿ.”

ಅವಳು ಆವತ್ತು ಸಂತೆಗೆ ಹೋಗಲಿಲ್ಲ. ಚೂರುಗಳನ್ನು ಗುಡಿಸಿ, ಫೋನನ್ನು ಮೇಜಿನ ಮೇಲೆ ಎದುರಿಗಿಟ್ಟುಕೊಂಡು ಕೂತಳು. ಮಧ್ಯಾಹ್ನದ ಹೊತ್ತಿಗೆ ನೆಲ ಮತ್ತೊಮ್ಮೆ ಸಣ್ಣಗೆ ನಡುಗಿತು. ಗೋಡೆಯಾಚೆಯವಳು ಅಯ್ಯೋ ಎಂದು ಚೀರಿದಳು. ಇಡೀ ಊರಿನಲ್ಲಿ ಯುವೆಶ್ಯಾ ಒಬ್ಬಳಿಗೆ ಖುಷಿಯಾಯಿತು.