ಗೊಣಗುವ ಪೇಷೆಂಟ್ ಬೇಕಾಗಿದ್ದಾನೆ

ಕಳೆದ ಶನಿವಾರ ನನಗೊಂದು ಕೆಲಸ ಸಿಕ್ಕಿತು. ಮಲಗುವ ಕೆಲಸ. ಸಂಬಳವಿಲ್ಲ, ತಿಂಡಿ ಕಾಫಿ ಅವರದೇ.

ಕೊಟ್ಟವರು ನಮ್ಮ ಮೇಲಿನ ಮನೆಯ ಗಿರಿಜಕ್ಕ. ರಾಣೆಬೆನ್ನೂರು ಕಡೆಯವರು. ಪೀಣ್ಯದ ಒಂದು ನರ್ಸಿಂಗ್ ಸ್ಕೂಲಿನಲ್ಲಿ ಸೀನಿಯರ್ ಟ್ಯೂಟರ್. (ಸ್ಕೂಲಿನ ಹೆಸರು ಬೇಡ. ಕೆಳಗೆ ಲೇತ್ ವರ್ಕ್‌ಶಾಪು, ಮೇಲೆ ನರ್ಸಿಂಗು. ಪೀಣ್ಯದಲ್ಲಿ ಇದೆಲ್ಲ ಮಾಮೂಲು.) ಹಾಲಿನ ಪ್ಯಾಕೆಟ್ ಹಿಡಿದು ನಮ್ಮ ಬಾಗಿಲಲ್ಲಿ ನಿಂತು, ಶನಿವಾರ ಬಿಡುವಿದೆಯಾ ಎಂದು ಕೇಳಿದರು. ಹುಡುಗಿಯರು ಪ್ರಾಕ್ಟೀಸ್ ಮಾಡುವ ಪ್ಲಾಸ್ಟಿಕ್ ಗೊಂಬೆಗೆ ಕಮಲಮ್ಮ ಅಂತ ಹೆಸರಂತೆ. ಕಮಲಮ್ಮನ ಸೊಂಟದ ಕೀಲು ಕಳಚಿ ಬಿದ್ದಿದೆ. ಹೊಸ ಪಿನ್ ಮಾಡಿಸಲು ಕೆಳಗಿನ ಲೇತಿಗೆ ಕೊಟ್ಟಿದ್ದಾರೆ. ಲೇತಿನವನಿಗೆ ಕಂಪನಿ ಆರ್ಡರ್ ಮೊದಲು, ಕಮಲಮ್ಮ ಆಮೇಲೆ. ಅಷ್ಟರಲ್ಲಿ ಫೈನಲ್ ಇಯರ್ ಹುಡುಗಿಯರ ಪ್ರಾಕ್ಟಿಕಲ್ ರಿಹರ್ಸಲ್ ಬಂದುಬಿಟ್ಟಿದೆ. ಜೀವ ಇರುವ ಪೇಷೆಂಟ್ ಒಬ್ಬ ಬೇಕು.

ಇಷ್ಟು ದೊಡ್ಡ ಬಿಲ್ಡಿಂಗಿನಲ್ಲಿ ನಾನೇ ಯಾಕೆ ಎಂದೆ.

“ನೀವು ಚಲೋ ಗೊಣಗತೀರಿ ನೋಡ್ರಿ,” ಎಂದರು. “ಕಮಲಮ್ಮ ಒಂದಿನಾನೂ ಬಾಯಿ ಬಿಟ್ಟಾಕಿ ಅಲ್ಲ. ನಮ್ಮ ಹುಡುಗ್ಯಾರಿಗೆ ಗೊಣಗೋರು ಬೇಕಾಗ್ಯಾರ.”

ಹೊಗಳಿಕೆಯೋ ಬೈಗುಳವೋ ಗೊತ್ತಾಗಲಿಲ್ಲ. ಸಹಾಯಕ್ಕೆಂದು ಹೆಂಡತಿಯ ಕಡೆ ತಿರುಗಿದೆ. ಅವಳು ಆಗಲೇ ನನ್ನ ಪೈಜಾಮ ಹುಡುಕಲು ಒಳಗೆ ಹೋಗಿದ್ದಳು.

ಶನಿವಾರ ಬಸ್ಸಿನಲ್ಲಿ ಗಿರಿಜಕ್ಕ ನನ್ನ ಬಗ್ಗೆ ಚಿಂತೆ ಮಾಡಲಿಲ್ಲ. ಅವರ ಚಿಂತೆಯೆಲ್ಲ ಮಹಾದೇವಿ ಎಂಬ ಹುಡುಗಿಯದು. ಬಾಗಲಕೋಟೆ ಕಡೆಯವಳು. ಅಪ್ಪನದು ಗಾರೆ ಕೆಲಸ, ಲಗ್ಗೆರೆಯಲ್ಲಿ ಒಂದೇ ರೂಮಿನ ಬಾಡಿಗೆ ಮನೆ. ಹುಡುಗಿಗೆ ಕೈ ಚುರುಕು, ಬಾಯಿ ಇಲ್ಲ. ಮಾಡುವ ಕೆಲಸವನ್ನೆಲ್ಲ ಪೇಷೆಂಟಿಗೆ ಇಂಗ್ಲಿಷಿನಲ್ಲಿ ವಿವರಿಸುತ್ತ ಮಾಡಬೇಕು ಎಂಬುದು ಪ್ರಿನ್ಸಿಪಾಲರ ರೂಲು. ಇಂಗ್ಲಿಷ್ ಎಂದೊಡನೆ ಇವಳ ಮಾತು ನಿಂತುಹೋಗುತ್ತದೆ. ರಿಹರ್ಸಲ್‌ನಲ್ಲಿ ಪಾಸಾದವರನ್ನು ಮಾತ್ರ ಪ್ರಿನ್ಸಿಪಾಲರು ಪರೀಕ್ಷೆಗೆ ಕಳಿಸುತ್ತಾರೆ. ಸ್ಕೂಲಿನ ರಿಸಲ್ಟ್ ನೂರಕ್ಕೆ ನೂರು ಇರಬೇಕಲ್ಲ! ಹೋದ ವರ್ಷ ಇವಳನ್ನು ಕಳಿಸಲಿಲ್ಲ. ಈ ಸಲವೂ ಇಲ್ಲವೆಂದರೆ ಅಪ್ಪ ಊರಿಗೆ ಕರೆದುಕೊಂಡು ಹೋಗುತ್ತಾನೆ. ಗಂಡು ರೆಡಿಯಾಗಿದ್ದಾನಂತೆ.

ಗಿರಿಜಕ್ಕ ದಿನಾ ಕ್ಲಾಸು ಮುಗಿದ ಮೇಲೆ ಅವಳನ್ನು ಕೂರಿಸಿಕೊಂಡು ಮಾತಾಡಿಸುತ್ತಿದ್ದರು. ಏನು ಮಾತು? ಊಟ ಏನಾಯಿತು, ಅಕ್ಕನ ಕೂಸು ಹೇಗಿದೆ, ಅಷ್ಟೇ. ಮೊದಲು ಬಾಯಿ ತೆರೆಯಲಿ, ಭಾಷೆ ಆಮೇಲೆ ನೋಡೋಣ ಎನ್ನುವುದು ಅವರ ಲೆಕ್ಕ.

ರಿಹರ್ಸಲ್ ನಡೆಸುವವರು ಜೆಸ್ಸಿ ಎಂಬ ಹೊಸ ಟ್ಯೂಟರ್. ಅವರಿಗೂ ಇದೇ ಮೊದಲು. ಹುಡುಗಿಯರಿಗಿಂತ ಅವರಿಗೇ ಹೆಚ್ಚು ಗಾಬರಿ. ಗಿರಿಜಕ್ಕ ನನ್ನೆದುರಿಗೇ ಅವರಿಗೆ, ನಡುನಡುವೆ ಇವರಿಗೆ ಎದ್ದು ಓಡಾಡಲು ಬಿಡುವು ಕೊಡು ಎಂದು ಹೇಳಿದರು. ಜೆಸ್ಸಿ ತಲೆಯಾಡಿಸಿದರು. ಆ ಮಾತು ತಲೆಯೊಳಗೆ ಹೋದಂತೆ ಕಾಣಲಿಲ್ಲ. ಹುಡುಗಿಯರನ್ನೂ ಕರೆದು, ಈ ಸಾಹೇಬರು ಗೊಣಗುತ್ತಾರೆ, ಹೆದರಬೇಡಿ ಎಂದು ಧೈರ್ಯ ತುಂಬಿ, ಕಮಲಮ್ಮನ ಸೊಂಟ ಎಲ್ಲಿಗೆ ಬಂತು ಎಂದು ವಿಚಾರಿಸಲು ಗಿರಿಜಕ್ಕ ಲೇತಿಗೆ ಇಳಿದುಹೋದರು.

ಪ್ರಿನ್ಸಿಪಾಲರು ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತರು. ನಾನು ಮಲಗಿದೆ.

ದಿಂಬು ಕಲ್ಲಿನ ಹಾಗಿದೆ ಎಂದೆ. ಮೊದಲನೆಯ ಹುಡುಗಿ “ಡೋಂಟ್ ವರಿ ಅಂಕಲ್, ಎವೆರಿಥಿಂಗ್ ವಿಲ್ ಬಿ ಆಲ್‌ರೈಟ್” ಎಂದು ನನ್ನ ಬಾಯಿಗೆ ಥರ್ಮಾಮೀಟರ್ ಇಟ್ಟು, ಹೆಸರು ಏನು, ನೋವು ಎಲ್ಲಿ ಎಂದು ಕೇಳಿದಳು. ಎರಡನೆಯವಳು ನನ್ನ ಕೈ ಮೇಲೆತ್ತಿ ಹಾಗೇ ಬಿಟ್ಟಳು. ಅದು ಮಂಚದ ಕಬ್ಬಿಣದ ಮೇಲೆ ಬಿತ್ತು. (ಕಮಲಮ್ಮನ ಕೈ ಬಿಟ್ಟರೆ ಏನೂ ಆಗುವುದಿಲ್ಲವಂತೆ.) ಪೇಷೆಂಟ್ ಮಲಗಿರುವಾಗಲೇ ಹಾಸಿಗೆಯ ಹಾಸು ಬದಲಾಯಿಸುವುದು ಪರೀಕ್ಷೆಯ ಮುಖ್ಯ ಭಾಗ. ಆ ಕಡೆ ಹೊರಳಿಸಿದರು, ಈ ಕಡೆ ಹೊರಳಿಸಿದರು, ಹೊದಿಕೆಯನ್ನು ಎರಡೂ ಕಡೆಯಿಂದ ಹಾಸಿಗೆಯಡಿಗೆ ತುರುಕಿ ಬಿಗಿದರು. ಆಹಾ, ಏನು ಬಿಗಿ!

ಬೆಳಿಗ್ಗೆ ಕಾಫಿ ಧಾರಾಳವಾಗಿ ಕೊಟ್ಟಿದ್ದರು. ಅದು ತನ್ನ ಕೆಲಸ ಶುರು ಮಾಡಿತು.

ನಾಲ್ಕನೆಯ ಹುಡುಗಿಗೆ ನಾನು ಬಾತ್‌ರೂಮಿಗೆ ಹೋಗಬೇಕು ಎಂದೆ. ಡೋಂಟ್ ವರಿ ಎಂದಳು. ಸ್ವಲ್ಪ ಜೋರಾಗಿ ಹೇಳಿದೆ. ಪ್ರಿನ್ಸಿಪಾಲರು ಮೆಚ್ಚುಗೆಯಿಂದ ತಲೆದೂಗಿದರು. ಐದನೆಯವಳಿಗೆ ಬೇಡಿಕೊಳ್ಳುವ ಧ್ವನಿಯಲ್ಲಿ ಹೇಳಿದೆ. ಅವಳು ಜೆಸ್ಸಿ ಕಡೆ ತಿರುಗಿ, ಅಂಕಲ್ ಸಕ್ಕತ್ತಾಗಿ ಆ್ಯಕ್ಟ್ ಮಾಡ್ತಾರೆ ಅಲ್ವಾ ಮೇಡಂ ಎಂದಳು.

ಎದ್ದು ಹೋಗಬಹುದಿತ್ತಲ್ಲ ಎನ್ನುತ್ತೀರಿ. ಪೇಷೆಂಟ್ ನಡುವೆ ಎದ್ದರೆ ಹುಡುಗಿಯ ಮಾರ್ಕ್ಸ್ ಹೋಗುತ್ತದೆ ಎಂದು ಪ್ರಿನ್ಸಿಪಾಲರು ಮೊದಲೇ ಹೇಳಿದ್ದರು. ಒಬ್ಬಳು ಮುಗಿಸುವ ಮೊದಲೇ ಇನ್ನೊಬ್ಬಳು ಬಂದು ನಿಲ್ಲುತ್ತಿದ್ದಳು. ಅದಕ್ಕೇ ಹಲ್ಲು ಕಚ್ಚಿ ಮಲಗಿದ್ದೆ. ನಲವತ್ತು ದಾಟಿದ ಮನುಷ್ಯ, ಇಷ್ಟು ಜನರ ನಡುವೆ, ಏನಾದರೂ ಆಗಿಬಿಟ್ಟರೆ? ಗಿರಿಜಕ್ಕ ಇರುವ ಬಿಲ್ಡಿಂಗಿನಲ್ಲೇ ನಾನು ಮುಂದೆ ಬಾಳಬೇಕು ಕಣ್ರೀ.

ಕೊನೆಗೆ ಮಹಾದೇವಿ ಬಂದಳು. ಪ್ರಿನ್ಸಿಪಾಲರು ಸ್ಟಾರ್ಟ್ ಎಂದರು. ಹುಡುಗಿ ಬಾಯಿ ತೆರೆದಳು. ಇಂಗ್ಲಿಷ್ ಬರಲಿಲ್ಲ. ಮತ್ತೆ ತೆರೆದಳು. ಬರಲಿಲ್ಲ. ನಾನು ಗೊಣಗುವುದನ್ನೂ ಬಿಟ್ಟು, ಮೆಲ್ಲಗೆ, ಬಾತ್‌ರೂಮಿಗೆ ಹೋಗಬೇಕಮ್ಮ ಎಂದೆ. ಅವಳು ನನ್ನ ಮುಖ ನೋಡಿದಳು. ಹತ್ತಿರ ಬಂದು ಬಗ್ಗಿದಳು.

“ಕಾಕಾ, ಇದು ನಾಟಕಾನೋ, ಖರೇನೋ?”

“ಖರೇನಮ್ಮ,” ಎಂದೆ. ನಾನು ಮಂಡ್ಯ ಕಡೆಯವನು. ಆ ಮಾತು ನನ್ನ ಬಾಯಲ್ಲಿ ಬಂದದ್ದು ಜನ್ಮದಲ್ಲಿ ಮೊದಲು.

ಹೊದಿಕೆಯನ್ನು ಒಂದೇ ಸಲಕ್ಕೆ ಎಳೆದು ಬಿಡಿಸಿದಳು. ಬೆನ್ನಿಗೆ ಕೈ ಕೊಟ್ಟು ಕೂರಿಸಿದಳು. ಒಮ್ಮೆಲೇ ಏಳಬೇಡಿ, ತಲೆ ತಿರುಗುತ್ತದೆ ಎಂದು ಹೇಳಿ ಚಪ್ಪಲಿಯನ್ನು ಕಾಲಿನ ಹತ್ತಿರ ಜೋಡಿಸಿದಳು. ಆಮೇಲೆ ಬಾಗಿಲಲ್ಲಿದ್ದ ಪ್ರಿನ್ಸಿಪಾಲರಿಗೆ “ಸ್ವಲ್ಪ ಸರೀರಿ ಸರ್” ಎಂದಳು. ಅವರು ಸರಿದರು. ನನ್ನನ್ನು ಬಾತ್‌ರೂಮಿನವರೆಗೆ ಬಿಟ್ಟು, ಒಳಗಿಂದ ಚಿಲಕ ಹಾಕಬೇಡಿ, ಇಲ್ಲೇ ಇರುತ್ತೇನೆ ಎಂದು ಬೆನ್ನು ತಿರುಗಿಸಿ ನಿಂತಳು.

ಒಳಗಿದ್ದ ನನಗೆ ಹೊರಗಿನದೆಲ್ಲ ಕೇಳುತ್ತಿತ್ತು. ಪ್ರಿನ್ಸಿಪಾಲರು ತೀರ್ಪು ಕೊಡುತ್ತಿದ್ದರು. ಹಾಸಿಗೆ ಅರ್ಧಕ್ಕೆ ಬಿಟ್ಟಿದ್ದಾಳೆ, ಇಂಗ್ಲಿಷ್ ಸೊನ್ನೆ, ಫೇಲು. ಆಮೇಲೆ ಜೆಸ್ಸಿಯ ಮೇಲೆ ತಿರುಗಿದರು. ಪೇಷೆಂಟಿಗೆ ಬಿಡುವು ಕೊಡಬೇಕು ಅಂತ ಗೊತ್ತಾಗಲಿಲ್ವಾ ನಿಮಗೆ? ಅಷ್ಟರಲ್ಲಿ ಮೆಟ್ಟಿಲು ಹತ್ತಿ ಬಂದ ಗಿರಿಜಕ್ಕನ ಧ್ವನಿ ಕೇಳಿಸಿತು. ಅದನ್ನು ಹೇಳಲು ಮರೆತವಳು ನಾನೇ ಸರ್ ಎಂದರು. ಹಸಿ ಸುಳ್ಳು. ಸಾಕ್ಷಿ ನಾನೊಬ್ಬನೇ, ಆದರೆ ಆ ಕ್ಷಣದಲ್ಲಿ ಹೊರಗೆ ಬರುವ ಸ್ಥಿತಿಯಲ್ಲಿರಲಿಲ್ಲ.

ನಾನು ಬಂದಾಗ ಗಿರಿಜಕ್ಕ ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು. ಆಸ್ಪತ್ರೆಯ ವಾರ್ಡಿನಲ್ಲೂ ಅವರದು ಇದೇ ಪದ್ಧತಿಯಂತೆ. ಮಾರ್ಕ್ಸ್ ಹಾಕುವ ಮೊದಲು ಪೇಷೆಂಟನ್ನು ಒಂದು ಮಾತು ಕೇಳುವುದು.

“ನಾಳೆ ನಿಮಗ ಖರೇನ ಜಡ್ಡಾದ್ರ, ಇವರಾಗ ಯಾರನ್ನ ಕರೀತೀರಿ?”

ನಾನು ಮಹಾದೇವಿಯನ್ನು ತೋರಿಸಿದೆ. ಯೋಚಿಸುವುದಕ್ಕೆ ಏನೂ ಇರಲಿಲ್ಲ.

ಪೇಷೆಂಟಿನ ಅಭಿಪ್ರಾಯ ಸಿಲೆಬಸ್‌ನಲ್ಲಿಲ್ಲ ಎಂದರು ಪ್ರಿನ್ಸಿಪಾಲರು. ಹಾಸಿಗೆ ಅರ್ಧ ಆಗಿರುವುದು ಮಾತ್ರ ಕಣ್ಣಿಗೆ ಕಾಣುತ್ತಿದೆ.

“ಹಾಸಿಗಿ ಒಣಾ ಐತಲ್ರೀ ಸರ್,” ಎಂದರು ಗಿರಿಜಕ್ಕ.

ಯಾರೂ ನಗಲಿಲ್ಲ. ಗಿರಿಜಕ್ಕ ಧ್ವನಿ ಏರಿಸದೆ ಮುಂದುವರಿಸಿದರು. ಇವಳು ಫೇಲಾದರೆ ಉಳಿದ ಐವರೂ ಫೇಲು, ಅವರು ಪೇಷೆಂಟಿನ ಮಾತೇ ಕೇಳಿಲ್ಲ, ಅವರಿಗೆ ತಾನು ಸೈನ್ ಮಾಡುವುದಿಲ್ಲ. ಇಷ್ಟು ಹೊತ್ತು ಗಾಬರಿಯಲ್ಲಿದ್ದ ಜೆಸ್ಸಿ ಪೆನ್ನಿನ ಕ್ಯಾಪ್ ಹಾಕಿ, “ನಾನೂ ಮಾಡಲ್ಲ ಸಾರ್” ಎಂದರು.

ರಿಸಲ್ಟ್ ನೂರಕ್ಕೆ ನೂರು ಬರಬೇಕಾದರೆ ಪರೀಕ್ಷೆಗೆ ಯಾರಾದರೂ ಹೋಗಬೇಕಲ್ಲ? ಪ್ರಿನ್ಸಿಪಾಲರಿಗೆ ಅದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಆಯ್ತು, ಉಳಿದದ್ದನ್ನು ಮುಗಿಸಲಿ, ಯಾವ ಭಾಷೆಯಾದರೂ ಸರಿ ಎಂದರು.

“ಕಾಕಾ, ಮತ್ತ ಮಲ್ಕೋರಿ. ಅರ್ಧಾ ಉಳದೈತಿ,” ಎಂದಳು ಮಹಾದೇವಿ.

ಮಲಗಿದೆ. ಈಗ ಎಡಕ್ಕೆ ಹೊರಳಿಸುತ್ತೇನೆ, ನಾನು ಹಿಡಿದಿದ್ದೇನೆ, ಹೊಸ ಹಾಸು ಸ್ವಲ್ಪ ತಣ್ಣಗಿರುತ್ತದೆ ಎಂದು ಅವಳು ತನ್ನ ಊರಿನ ಮಾತಿನಲ್ಲಿ ಒಂದೊಂದನ್ನೂ ಹೇಳುತ್ತ ಮಾಡಿದಳು. ಅಷ್ಟು ಮಾತು ಅವಳಲ್ಲಿತ್ತೆಂದು ಅವಳ ಗೆಳತಿಯರಿಗೂ ಗೊತ್ತಿದ್ದಂತಿಲ್ಲ. ಗೊಣಗಲು ಏನಾದರೂ ಸಿಗುತ್ತದೆಯೇ ಎಂದು ಹುಡುಕಿದೆ. ಸಿಗಲಿಲ್ಲ. ನಮ್ಮಮ್ಮ ಹೋದ ಮೇಲೆ ನನಗೆ ಯಾರೂ ಹಾಗೆ ಹೊದಿಸಿರಲಿಲ್ಲ. ತುಂಬಾ ಖುಷಿಯಾಯಿತು. ಹೇಳಿಕೊಳ್ಳಲು ನಾಚಿಕೆ ಏನು?

ಮಹಾದೇವಿ ಮುಂದಿನ ತಿಂಗಳು ಪರೀಕ್ಷೆಗೆ ಕೂರುತ್ತಾಳೆ. ಗಂಡು ಕಾಯಲಿ. ಕಮಲಮ್ಮನ ಸೊಂಟವೂ ರೆಡಿಯಾಗಿದೆ. ಇನ್ನು ನನ್ನ ಅಗತ್ಯವಿಲ್ಲ.

ಆದರೆ ಒಂದು ಯೋಚನೆ ಹೋಗುತ್ತಿಲ್ಲ. ಆಫೀಸಿನಲ್ಲಿ ಜ್ವರ ಎಂದರೆ ರಜೆಗಾಗಿ ನಾಟಕ. ಮಗು ಹೊಟ್ಟೆನೋವು ಎಂದರೆ ಹೋಮ್‌ವರ್ಕ್ ಮಾಡಿಲ್ಲ. ಬಸ್ಸಿನಲ್ಲಿ ಮುದುಕಿ ಕಾಲು ನೋವು ಎಂದರೆ ಸೀಟು ಹೊಡೆಯುವ ಉಪಾಯ. ನಾವೆಲ್ಲ ಡೋಂಟ್ ವರಿ ಹೇಳಿ ಹೊದಿಕೆ ಬಿಗಿಯುವುದರಲ್ಲಿ ಎಕ್ಸ್‌ಪರ್ಟ್.

ಆ ಸಂಜೆ ಮನೆಗೆ ಬಂದು ಸೊಂಟ ಹಿಡಿದುಕೊಂಡಿದೆ ಎಂದೆ. ರಿಹರ್ಸಲ್ ಮುಗೀತಲ್ಲ, ಇನ್ನೂ ಯಾಕೆ ಎಂದು ಹೆಂಡತಿ ಒಳಗಿನಿಂದಲೇ ಹೇಳಿದಳು.

ನಾಟಕವೋ ನಿಜವೋ ಎಂದು ಒಂದು ಮಾತು ಕೇಳುವುದಕ್ಕೂ ಮೂರು ವರ್ಷ ನರ್ಸಿಂಗ್ ಓದಲೇಬೇಕೇನ್ರೀ?