ನಮಗೆ ಶಾಲೆ ಆರಿಸಿಕೊಟ್ಟ ಆಯಿ

ಆಕೆಯ ಎಡಗೈಯ ತೋರುಬೆರಳು ನಡುಗೆಣ್ಣಿನಿಂದ ಮುಂದಕ್ಕೆ ಹೊರಗಡೆ ಬಾಗಿತ್ತು. ಇಟ್ಟಿಗೆ ಹೊರುತ್ತಿದ್ದ ಕಾಲದಲ್ಲಿ ಮುರಿದು, ಸರಿಯಾಗಿ ಕೂಡಿಕೊಳ್ಳದೆ ಹಾಗೆಯೇ ಉಳಿದುಬಿಟ್ಟಿತ್ತಂತೆ. ಪುಟ್ಟ ಮಕ್ಕಳಿಗೆ ಹಿಡಿದುಕೊಳ್ಳಲು ಅದರಷ್ಟು ಅನುಕೂಲದ ಬೆರಳು ಬೇರೆ ಇರಲಿಲ್ಲ. ದಿನಾ ಬೆಳಿಗ್ಗೆ ನಮ್ಮ ಬಿಲ್ಡಿಂಗಿನ ಗೇಟಿನ ಬಳಿ ಅದಕ್ಕಾಗಿ ಜಗಳ ಆಗುತ್ತಿತ್ತು. ನಿನ್ನೆ ಯಾರು ಅತ್ತಿದ್ದರೋ ಅವರಿಗೆ ಇವತ್ತು ಬೆರಳು ಎಂದು ಆಕೆ ತೀರ್ಪು ಕೊಡುತ್ತಿದ್ದಳು. ಉಳಿದವರು ಸೆರಗು, ಮೊಣಕೈ, ಹೆಗಲಿಗೆ ಹಾಕಿಕೊಂಡ ಚೀಲದ ಹಿಡಿ, ಸಿಕ್ಕಿದ್ದನ್ನು ಹಿಡಿದುಕೊಂಡು ಹೊರಡುತ್ತಿದ್ದರು.

ಚೆಂಬೂರಿನ ನಮ್ಮ ಬಿಲ್ಡಿಂಗಿನ ಮಕ್ಕಳನ್ನು ಸುತ್ತಮುತ್ತಲಿನ ನಾಲ್ಕು ಶಾಲೆಗಳಿಗೆ ನಡೆಸಿಕೊಂಡು ಹೋಗಿ ಬಿಡುವುದು, ಹೊತ್ತಿಗೆ ಸರಿಯಾಗಿ ಕರೆತರುವುದು ಆಕೆಯ ಕೆಲಸ. ಬಿಜಾಪುರದ ಕಡೆಯವಳು. ಗಂಡನ ಜೊತೆ ಕಟ್ಟಡದ ಕೆಲಸಕ್ಕೆಂದು ಮುಂಬಯಿಗೆ ಬಂದವಳು, ಅವನು ತೀರಿಕೊಂಡ ಮೇಲೆ ಬುಟ್ಟಿ ಬಿಟ್ಟು ಈ ಕೆಲಸ ಹಿಡಿದಿದ್ದಳು. ಮನೆ ರೈಲು ಹಳಿಯ ಆಚೆಗಿನ ಝೋಪಡಪಟ್ಟಿಯಲ್ಲಿ. ಎಲ್ಲರೂ ಆಕೆಯನ್ನು ಆಯಿ ಎನ್ನುತ್ತಿದ್ದರು. ಮರಾಠಿಯವರಿಗೆ ಅದು ಅಮ್ಮ, ಆಕೆಯ ಊರಿನವರಿಗೆ ಅಜ್ಜಿ. ಉಡುಪಿಯ ಕಡೆಯ ನಮಗೆ ಎರಡೂ ಅಲ್ಲ, ಆದರೂ ನಾವೂ ಹಾಗೆಯೇ ಕರೆದೆವು. ಆಕೆಗೆ ಓದು ಬರಹ ಬರುತ್ತಿರಲಿಲ್ಲ. ಶಾಲೆಗಳ ಹೆಸರನ್ನೂ ಆಕೆ ಹೇಳುತ್ತಿರಲಿಲ್ಲ. ಗಂಟಿ ಸಾಲಿ, ಬೇವಿನಮರದ ಸಾಲಿ, ಬ್ಯಾಂಡಿನ ಸಾಲಿ, ತಗಡಿನ ಸಾಲಿ ಎಂದು ತಾನೇ ಇಟ್ಟುಕೊಂಡ ಹೆಸರುಗಳಿದ್ದವು.

ನಾನು ಮಗಳು ವೀಣಾಳನ್ನು ಕರೆದುಕೊಂಡು ಬಹರೈನಿನಿಂದ ಮುಂಬಯಿಗೆ ಬಂದದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ನನ್ನವರಿಗೆ ಅಲ್ಲಿ ಹಡಗು ರಿಪೇರಿಯ ಕಾರ್ಖಾನೆಯೊಂದರಲ್ಲಿ ಉಗ್ರಾಣದ ಕೆಲಸ. ನಾವಿದ್ದ ಕಡೆ ನಮ್ಮ ದೇಶದ ಪಾಠಕ್ರಮ ಕಲಿಸುತ್ತಿದ್ದ ಒಂದು ಸಣ್ಣ ಶಾಲೆಯಿತ್ತು, ಒಬ್ಬ ಗೋವಾದ ಟೀಚರ್ ಬಂಗಲೆಯ ಎರಡು ಕೋಣೆಗಳಲ್ಲಿ ನಡೆಸುತ್ತಿದ್ದದ್ದು. ನಾಲ್ಕನೆಯ ತರಗತಿಗೆ ಅದು ಮುಗಿಯುತ್ತಿತ್ತು. ಅಲ್ಲಿಂದ ಮುಂದೆ ಓದಿಸಬೇಕಾದರೆ ಸಾಹೇಬರ ಮಕ್ಕಳ ಶಾಲೆ. ಅದು ನಮ್ಮ ಸಂಬಳಕ್ಕೆ ಎಟುಕುವಂಥದ್ದಲ್ಲ. ಹಾಗಾಗಿ ಅವರು ಅಲ್ಲೇ ಉಳಿದರು, ನಾವಿಬ್ಬರು ಚೆಂಬೂರಿಗೆ ಬಂದೆವು.

ಗಲ್ಫಿನಲ್ಲಿ ಗಂಡನಿದ್ದಾನೆ ಎಂದರೆ ಹಣ ಸುರಿಯುತ್ತಿದೆ ಎಂದು ಜನ ಅಂದುಕೊಳ್ಳುತ್ತಿದ್ದರು. ಹಾಗೇನೂ ಇರಲಿಲ್ಲ. ಆದರೂ ನಾನು ಹೋಗಿ ನಿಂತದ್ದು ಬ್ಯಾಂಡಿನ ಶಾಲೆಯ ಬಾಗಿಲಲ್ಲೇ. ಮುಖ್ಯ ರಸ್ತೆಗೆ ಮುಖಮಾಡಿದ ಮೂರು ಮಹಡಿ, ದೊಡ್ಡ ಮೈದಾನ, ಸ್ವಾತಂತ್ರ್ಯ ದಿನಕ್ಕೆ ಮಕ್ಕಳು ಡ್ರಮ್ ಬಾರಿಸಿಕೊಂಡು ಹೋಗುವ ಮೆರವಣಿಗೆ. ನನ್ನವರೂ ಕಾಗದದಲ್ಲಿ ಅದೇ ಶಾಲೆಯ ಹೆಸರು ಬರೆದಿದ್ದರು. ಅವರ ಜೊತೆ ಕೆಲಸ ಮಾಡುವವರ ಮಕ್ಕಳು ಅಲ್ಲಿ ಓದುತ್ತಿದ್ದರಂತೆ. ವೀಣಾಳಿಗೆ ಇಂಗ್ಲಿಷು, ಲೆಕ್ಕ ಚೆನ್ನಾಗಿ ಬರುತ್ತಿತ್ತು, ಮನೆಯಲ್ಲಿ ತುಳು, ನನ್ನಿಂದ ಕಲಿತ ಒಂದಿಷ್ಟು ಕನ್ನಡ. ಹಿಂದಿ, ಮರಾಠಿಯ ಒಂದು ಅಕ್ಷರವೂ ಗೊತ್ತಿರಲಿಲ್ಲ. ಅದಕ್ಕಾಗಿ ಐದನೆಯ ತರಗತಿಗೆ ಹೋಗಬೇಕಾದವಳನ್ನು ಪುನಃ ನಾಲ್ಕರಲ್ಲಿ ಕೂರಿಸುತ್ತೇವೆ ಎಂದರು. ಸೀಟು ಸಿಕ್ಕಿದ್ದೇ ಪುಣ್ಯ ಎಂದು ನಾನು ಒಪ್ಪಿದೆ. ಆ ಸಂಜೆ ಬಿಲ್ಡಿಂಗಿನವರಿಗೆಲ್ಲ ಸಿರಾ ಹಂಚಿದೆ. ಆಯಿಗೂ ಕೊಟ್ಟೆ. ಆಕೆ ಯಾವ ಸಾಲಿ ಎಂದು ಕೇಳಿದಳು, ನಾನು ಹೇಳಿದೆ. ಆಕೆ ಹೂಂ ಎಂದಳು, ಅಷ್ಟೆ.

ಎರಡು ತಿಂಗಳು ಎಲ್ಲ ಸರಿಯಾಗಿದೆ ಎಂದೇ ನನ್ನ ನಂಬಿಕೆ. ವೀಣಾ ಮಾತು ಕಡಿಮೆ ಮಾಡಿದ್ದಳು. ಹೊಸ ಊರು, ಅಪ್ಪ ಹತ್ತಿರವಿಲ್ಲ ಎಂದು ನಾನೇ ಕಾರಣ ಕಟ್ಟಿಕೊಂಡೆ. ಊಟದ ಡಬ್ಬಿ ಖಾಲಿಯಾಗಿ ಬರುತ್ತಿತ್ತಲ್ಲ, ನನಗೆ ಅಷ್ಟು ಸಾಕಿತ್ತು.

ಆಗಸ್ಟಿನ ಒಂದು ಸಂಜೆ ಮಕ್ಕಳನ್ನು ಬಿಟ್ಟ ಮೇಲೆ ಆಯಿ ನಮ್ಮ ಬಾಗಿಲಲ್ಲೇ ನಿಂತಳು. ಒಳಗೆ ಬನ್ನಿ ಎಂದರೂ ಬರಲಿಲ್ಲ.

“ಬಾಯಾರ, ಡಬ್ಬಿ ಖಾಲಿ ಬರ್ತೈತಿ ಅಂತ ನೀವು ಸಮಾಧಾನ ಇದ್ದೀರಿ,” ಅಂದಳು. “ಆಕಿ ಉಣ್ಣಂಗಿಲ್ರಿ. ಬರೂ ದಾರ್ಯಾಗ ನಾಯಿಗೆ ಹಾಕ್ತಾಳ. ಹಿಂದಿ, ಮರಾಠಿ ತಾಸಿಗೆ ಹುಡುಗಿನ್ನ ಹೊರಗ ನಿಲ್ಲಸ್ತಾರ್ರಿ. ನಾ ಮಧ್ಯಾಹ್ನ ಸಣ್ಣ ಹುಡುಗ್ರನ್ನ ಕರಕೊಂಡ ಬರಾಕ ಹ್ವಾದಾಗೆಲ್ಲಾ ನೋಡೀನಿ. ಆ ಸಾಲಿ ಆಕಿಗೆ ಬ್ಯಾಡ್ರಿ.”

ಈಗ ನೆನೆದರೆ ನಾಚಿಕೆಯಾಗುತ್ತದೆ. ನನಗೆ ಮಗಳ ಬಗ್ಗೆ ಆತಂಕವಾಗುವ ಮೊದಲು ಸಿಟ್ಟು ಬಂತು. ನಾನು ಉಡುಪಿಯಲ್ಲಿ ಇಂಟರ್‌ಮೀಡಿಯೆಟ್ ಓದಿದವಳು, ಸಮುದ್ರ ದಾಟಿ ಬಂದವಳು. ಶಾಲೆಯ ಬೋರ್ಡು ಓದಲು ಬಾರದವಳು ನನಗೆ ಶಾಲೆ ಹೇಳುವುದೆ? ಮಕ್ಕಳನ್ನು ಬಿಟ್ಟು ಕರೆತರುವುದಷ್ಟೇ ನಿಮ್ಮ ಕೆಲಸ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದುಬಿಟ್ಟೆ.

ಆಯಿ ಮುಖ ಕೆಡಿಸಿಕೊಳ್ಳಲಿಲ್ಲ. “ಹೌದ್ರಿ, ಬಿಡೂದು ನನ್ನ ಕೆಲಸ. ಅದಕ್ಕ ಹೇಳಾಕತ್ತೀನಿ. ನಾಳಿಂದ ಆಕಿನ್ನ ಆ ಸಾಲಿಗೆ ನಾ ಬಿಡಂಗಿಲ್ಲ. ನೀವ ಬಿಟ್ಟು ಬರ್ರಿ.”

ಹೇಳಿದ ಹಾಗೆಯೇ ಮಾಡಿದಳು. ಮರುದಿನ ಉಳಿದ ಮಕ್ಕಳನ್ನೆಲ್ಲ ಕರೆದುಕೊಂಡು ಹೊರಟಳು, ನನ್ನ ಮಗಳೊಬ್ಬಳನ್ನು ಬಿಟ್ಟು. ನಾನು ಗೊಣಗಿಕೊಂಡು ಚಪ್ಪಲಿ ಮೆಟ್ಟಿ ವೀಣಾಳನ್ನು ಕರೆದುಕೊಂಡು ಹೋದೆ. ಮೂಲೆಯ ಇರಾನಿ ಹೋಟೆಲಿನವರೆಗೆ ಅವಳು ಸರಿಯಾಗಿ ನಡೆದಳು. ಅಲ್ಲಿಂದ ಮುಂದೆ ಪ್ರತಿ ಹೆಜ್ಜೆಗೂ ನಾನು ಅವಳನ್ನು ಎಳೆಯಬೇಕಾಯಿತು. ಶಾಲೆ ಕಣ್ಣಿಗೆ ಬಿದ್ದ ಕೂಡಲೇ ಅವಳ ಕೈ ತಣ್ಣಗಾಯಿತು. ಈ ತಣ್ಣನೆಯ ಕೈಯನ್ನೇ ಹಿಡಿದು ಆಯಿ ಎರಡು ತಿಂಗಳಿಂದ ದಿನಾ ಅವಳನ್ನು ನಡೆಸಿದ್ದಳು.

ಮಧ್ಯಾಹ್ನಕ್ಕೆ ಮೊದಲೇ ನಾನು ಪುನಃ ಹೋದೆ. ಎರಡನೆಯ ಮಹಡಿಯ ಪಡಸಾಲೆಯಲ್ಲಿ, ಕಂಬಕ್ಕೆ ಬೆನ್ನು ಕೊಟ್ಟು, ಕಾಪಿ ಪುಸ್ತಕವನ್ನು ಎದೆಗೆ ಅವುಚಿಕೊಂಡು ನನ್ನ ಮಗಳು ನಿಂತಿದ್ದಳು. ಒಳಗಿನಿಂದ ಮಕ್ಕಳು ಒಟ್ಟಿಗೆ ಪದ್ಯ ಹೇಳುವುದು ಕೇಳುತ್ತಿತ್ತು. ಅವಳು ಕೆಳಗೆ ನನ್ನನ್ನು ನೋಡಿದಳು, ಕರೆಯಲಿಲ್ಲ. ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ತಲೆ ತಗ್ಗಿಸಿದಳು.

ಹೆಡ್‌ಮಿಸ್ಟ್ರೆಸ್ ಸೌಜನ್ಯದಿಂದಲೇ ಮಾತಾಡಿದರು. ಬುನಾದಿಯೇ ಇಲ್ಲದ ಮಗು, ಒಬ್ಬಳಿಗಾಗಿ ಐವತ್ತು ಮಕ್ಕಳ ಪಾಠ ನಿಲ್ಲಿಸಲಾಗದು, ಟ್ಯೂಷನ್ ಇಡಿ, ಇಲ್ಲವೆ ಇನ್ನೊಂದು ವರ್ಷ ಹಿಂದಕ್ಕೆ ಹಾಕೋಣ ಎಂದರು. ಅವರ ಮೇಜಿನ ಹಿಂದೆ ಗಾಜಿನ ಬೀರುವಿನ ತುಂಬ ಶಾಲೆ ಗೆದ್ದ ಕಪ್ಪುಗಳಿದ್ದವು.

ಆ ಸಂಜೆ ನಾನೇ ಹಳಿ ದಾಟಿ ಆಯಿಯ ಮನೆ ಹುಡುಕಿಕೊಂಡು ಹೋದೆ. ಆಕೆ ಬಾಗಿಲ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಕ್ಷಮೆ ಕೇಳಬೇಕೆಂದು ಹೋದವಳು ಅತ್ತುಬಿಟ್ಟೆ. ಆಕೆ ಒಲೆಯ ಪಕ್ಕ ಮಣೆ ಸರಿಸಿ ಕೂರಿಸಿದಳು. ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಆಮೇಲೆ, ಹಿಟ್ಟು ನಾದುತ್ತಲೇ, ತನ್ನ ಮಗಳ ವಿಷಯ ಹೇಳಿದಳು.

“ನನ್ನ ಮಗಳೂ ಹಿಂಗ ಹೊರಗ ನಿಂತಿದ್ಲ್ರೀ. ಎರಡನೇತ್ತೆ ಇದ್ಲು. ನಾ ಇಟ್ಟಂಗಿ ಹೊರಾಕ ಹೋಗಿದ್ದೆ, ನೋಡ್ಲಿಲ್ಲ. ಒಂದಿನಾ ಸಾಲಿಗೆ ಹೋಗಂಗಿಲ್ಲ ಅಂದ್ಲು, ನಾನೂ ಹೂಂ ಅಂದೆ. ಈಗ ಮಾನಖುರ್ದದಾಗ ಅದಾಳ. ಹೆಬ್ಬಟ್ಟ ಒತ್ತತಾಳ.”

ಆಕೆಯ ದನಿಯಲ್ಲಿ ಅಳು ಇರಲಿಲ್ಲ. ರೊಟ್ಟಿ ತಿರುವಿ ಹಾಕಿದಳು. ಮೂರು ದಿನ ನನ್ನ ಜೊತೆ ನಡೀರಿ, ಸಾಲಿ ತೋರಿಸ್ತೀನಿ ಅಂದಳು.

ನಡೆದೆ. ವೀಣಾಳನ್ನು ಪಕ್ಕದ ಮನೆಯವರ ಬಳಿ ಬಿಟ್ಟು, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಆಯಿಯ ಹಿಂದೆ. ಅಷ್ಟು ದಿನ ನಾನು ಶಾಲೆಗಳಲ್ಲಿ ಕೇಳಿದ್ದು ಫೀಸು ಎಷ್ಟು, ಮೀಡಿಯಂ ಯಾವುದು, ಹತ್ತನೆಯ ತರಗತಿಯಲ್ಲಿ ಎಷ್ಟು ಜನ ಪಾಸಾಗುತ್ತಾರೆ ಎಂದು. ಆಯಿ ಯಾರನ್ನೂ ಏನೂ ಕೇಳುತ್ತಿರಲಿಲ್ಲ, ಗೇಟಿನ ಬಳಿ ನಿಂತು ನೋಡುತ್ತಿದ್ದಳು. ಗಂಟಿ ಶಾಲೆಯಲ್ಲಿ ಐದು ನಿಮಿಷ ತಡವಾದ ಮಕ್ಕಳನ್ನು ಬಿಸಿಲಿಗೆ ನಿಲ್ಲಿಸುತ್ತಿದ್ದರು, ಬೇಡ. ಬೇವಿನಮರದ ಶಾಲೆ ಒಳ್ಳೆಯದೇ, ಆದರೆ ನೀರಿನ ನಲ್ಲಿ ಎತ್ತರದಲ್ಲಿದ್ದು ಸಣ್ಣವರು ದೊಡ್ಡವರ ಕಾಲು ಹಿಡಿಯಬೇಕಾಗುತ್ತಿತ್ತು. ಯಾವ ಶಾಲೆಯ ಟೀಚರುಗಳು ತಮ್ಮ ಮಕ್ಕಳನ್ನೂ ಅದೇ ಶಾಲೆಗೆ ಹಾಕಿದ್ದಾರೆ, ಯಾವ ಜವಾನನಿಗೆ ಮಕ್ಕಳ ಹೆಸರು ಗೊತ್ತು, ಎಲ್ಲವೂ ಆಕೆಗೆ ಗೊತ್ತಿತ್ತು. ಬ್ಯಾಂಡಿನ ಶಾಲೆಯ ಮೂರನೆಯ ಮಹಡಿಗೆ ತಾನೇ ಇಟ್ಟಿಗೆ ಹೊತ್ತಿದ್ದೆ ಎಂದೂ ದಾರಿಯಲ್ಲಿ ಹೇಳಿದಳು. ಗೋಡೆ ಗಟ್ಟಿಯಾಗಿದೆ, ಅದರ ಬಗ್ಗೆ ತಕರಾರಿಲ್ಲ ಎಂದು ನಕ್ಕಳು.

ಮೂರನೆಯ ದಿನ ಹೋದದ್ದು ತಗಡಿನ ಶಾಲೆಗೆ. ಸಿಂಧಿ ನಿರಾಶ್ರಿತರ ವಸತಿಯ ಅಂಚಿನಲ್ಲಿ ಒಂದು ಮಹಡಿಯ ಕಟ್ಟಡ, ಮೇಲೆ ತಗಡಿನ ಮಾಡು. ಆಡಲು ಅಂಗಳದಷ್ಟು ಜಾಗ. ಇಂಗ್ಲಿಷ್ ಮೀಡಿಯಂ ಎಂದು ಬೋರ್ಡು ಹೇಳುತ್ತಿತ್ತು, ಆ ಬೋರ್ಡೂ ಕೈಯಲ್ಲಿ ಬರೆದದ್ದು. ಫೀಸು ಕಡಿಮೆ ಎಂದು ಕೇಳಿಯೇ ನಾನು ಮೊದಲು ಅದನ್ನು ಬಿಟ್ಟಿದ್ದೆ. ಅಗ್ಗದ್ದರಲ್ಲಿ ಏನಿದ್ದೀತು ಎಂಬ ಲೆಕ್ಕ ನನ್ನದು.

ಪಾಠ ನಡೆಯುವ ಹೊತ್ತು. ಆಯಿ ಗೇಟಿನ ಸರಳಿನೊಳಗಿಂದ ತೋರಿಸಿದಳು.

“ಪಡಸಾಲಿ ನೋಡ್ರಿ ಬಾಯಾರ. ಮೂರು ವರ್ಷದಿಂದ ಬರಾಕತ್ತೀನಿ. ಹೊರಗ ಯಾರೂ ನಿಂತದ್ದು ಕಂಡಿಲ್ಲ.”

ಮರುದಿನ ವೀಣಾಳನ್ನು ಕರೆದುಕೊಂಡು ಹೋದೆ. ಅಲ್ಲಿನ ಹೆಡ್‌ಮಿಸ್ಟ್ರೆಸ್ ಸಿಂಧಿ ಹೆಂಗಸು, ಬಿಳಿ ಸೀರೆ, ದಪ್ಪ ಕನ್ನಡಕ. ನಾನು ಹೇಳಿಕೊಳ್ಳುವುದನ್ನೆಲ್ಲ ಕೇಳಿ ಅವರು ನನ್ನನ್ನು ಬಿಟ್ಟು ಮಗಳ ಕಡೆ ತಿರುಗಿದರು. ಹಿಂದಿ ಬರುವುದಿಲ್ಲ ಸರಿ, ನಿನಗೆ ಯಾವ ಅಕ್ಷರ ಬರುತ್ತದೆ, ಬರೆದು ತೋರಿಸು ಎಂದು ಇಂಗ್ಲಿಷಿನಲ್ಲಿ ಹೇಳಿ ಸೀಮೆಸುಣ್ಣ ಕೊಟ್ಟರು. ಅವಳು ಎ ಬಿ ಸಿ ಬರೆಯುತ್ತಾಳೆ ಎಂದುಕೊಂಡೆ. ಅವಳು ಹಲಗೆಯ ಬಲಗಡೆಗೆ ಹೋಗಿ, ಬಹರೈನಿನ ಟೀಚರ್ ಆಟದ ಹಾಗೆ ಕಲಿಸಿದ್ದ ಅರಬ್ಬಿ ಅಕ್ಷರಗಳನ್ನು ಒಂದೊಂದಾಗಿ ಎಡಕ್ಕೆ ಬರೆಯತೊಡಗಿದಳು.

ಹೆಡ್‌ಮಿಸ್ಟ್ರೆಸ್ ಕುರ್ಚಿಯಿಂದ ಎದ್ದರು. ಇನ್ನೊಂದು ಸೀಮೆಸುಣ್ಣ ತೆಗೆದುಕೊಂಡು ಅದೇ ಸಾಲಿನ ಕೆಳಗೆ ತಾವೂ ಬಲದಿಂದ ಎಡಕ್ಕೆ ಬರೆದರು. ಅದೇ ಥರದ ಅಕ್ಷರಗಳು, ಆದರೆ ಕೆಲವಕ್ಕೆ ಚುಕ್ಕೆಗಳು ಹೆಚ್ಚು.

“ಫೋರ್ ಡಾಟ್ಸ್?” ಎಂದು ವೀಣಾ ಕೇಳಿದಳು. ಎಷ್ಟೋ ವಾರಗಳ ಮೇಲೆ ಹೊರಗಿನವರ ಮುಂದೆ ಅವಳು ಆಡಿದ ಮೊದಲ ಮಾತು ಅದು.

ಸಿಂಧಿಯನ್ನೂ ಇದೇ ಲಿಪಿಯಲ್ಲಿ ಬರೆಯುತ್ತೇವೆ, ನಮ್ಮಲ್ಲಿ ನಾಲ್ಕು ಇರುತ್ತವೆ ಎಂದು ಅವರು ನಕ್ಕರು. ದೇಶ ಒಡೆದಾಗ ತಾನೂ ಹುಡುಗಿಯಾಗಿದ್ದೆ, ಕರಾಚಿಯಿಂದ ಹಡಗಿನಲ್ಲಿ ಬಂದು ಇಳಿದಾಗ ಇಷ್ಟೇ ಬರುತ್ತಿದ್ದದ್ದು, ಇಲ್ಲಿಯ ಅಕ್ಷರ ಒಂದೂ ಗೊತ್ತಿರಲಿಲ್ಲ ಎಂದರು. ನನ್ನ ಕಡೆ ತಿರುಗಿ ಹಿಂದಿಯಲ್ಲಿ, ನಾಳೆಯಿಂದ ಐದನೆಯ ತರಗತಿಗೆ ಕಳಿಸಿ, ನಾಲ್ಕಕ್ಕೆ ಅಲ್ಲ ಎಂದರು. ಹಿಂದಿಯನ್ನು ಮೊದಲ ಆರು ತಿಂಗಳು ಒಂದನೆಯ ತರಗತಿಯ ಮಕ್ಕಳ ಜೊತೆ ಕೂತು ಕಲಿಯಲಿ, ನಾಚಿಕೆ ಏನಿಲ್ಲ, ಅವರಿಗೂ ಒಬ್ಬ ಅಕ್ಕ ಸಿಕ್ಕ ಹಾಗಾಗುತ್ತದೆ.

ಹೊರಗೆ ಬಂದು, ಗೇಟಿನ ಬಳಿ ಕಾದಿದ್ದ ಆಯಿಗೆ ಎಲ್ಲ ಹೇಳಿದೆ. ಅಕ್ಷರದ ಕಥೆ ಆಕೆಗೆ ಅಷ್ಟಾಗಿ ಹಿಡಿಸಲಿಲ್ಲ. ವೀಣಾಳ ಕೈ ಹಿಡಿದು ನೋಡಿ, ಬೆಚ್ಚಗಾಗೈತಿ ಅಂದಳು.

ನನ್ನವರಿಂದ ಖಾರದ ಕಾಗದ ಬಂತು. ತಗಡಿನ ಮಾಡಿನ ಶಾಲೆಯೆಂದು ಇಲ್ಲಿಯವರಿಗೆ ಹೇಗೆ ಹೇಳಲಿ ಎಂದು ಬರೆದಿದ್ದರು. ಜೀವನದಲ್ಲಿ ಮೊದಲ ಬಾರಿ ಅವರಿಗೆ ಎದುರು ಬರೆದೆ: ನೀವು ಬಂದು ಮಗಳನ್ನು ನೋಡಿ, ಆಮೇಲೆ ಶಾಲೆಯನ್ನು ನೋಡುವ. ಮರುವರ್ಷ ರಜೆಯಲ್ಲಿ ಬಂದರು. ಚೆಂಬೂರ್ ಸ್ಟೇಷನ್ನಿನಿಂದ ಮನೆಯವರೆಗೆ ವೀಣಾ ಅಂಗಡಿಗಳ ಮರಾಠಿ ಬೋರ್ಡುಗಳನ್ನೆಲ್ಲ ಅವರಿಗೆ ಓದಿ ಹೇಳಿದಳು, ಕೇಳದಿದ್ದವನ್ನೂ ಬಿಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅವರು ತಂದಿದ್ದ ಖರ್ಜೂರದ ಡಬ್ಬಿಗಳಲ್ಲಿ ಒಂದನ್ನು ಆಯಿಗೆಂದು ಬೇರೆ ತೆಗೆದಿಟ್ಟರು. ಶಾಲೆಯ ಮಾತೇ ಎತ್ತಲಿಲ್ಲ.

ಆ ವರ್ಷಗಳಲ್ಲಿ ಗಲ್ಫಿನಿಂದ ಮಕ್ಕಳನ್ನು ಕರೆದುಕೊಂಡು ವಾಪಸ್ ಬರುವ ಹೆಂಗಸರು ಹೆಚ್ಚಾದರು. ಕುವೈತಿನಿಂದ ಒಬ್ಬಳು, ದುಬೈಯಿಂದ ಒಬ್ಬಳು. ಯಾವ ಶಾಲೆ, ಎಷ್ಟು ಫೀಸು ಎಂದು ನನ್ನನ್ನು ಕೇಳಿಕೊಂಡು ಬರುತ್ತಿದ್ದರು. ನಾನು ಆಯಿಯ ಬಳಿ ಕಳಿಸುತ್ತಿದ್ದೆ. ಅವರೂ ಮೊದಲು ಹುಬ್ಬು ಗಂಟಿಕ್ಕುತ್ತಿದ್ದರು, ಮೂರು ದಿನ ನಡೆಯುತ್ತಿದ್ದರು. ಎಲ್ಲರಿಗೂ ಆಕೆ ತಗಡಿನ ಶಾಲೆಯನ್ನೇ ಹೇಳುತ್ತಿರಲಿಲ್ಲ. ತುಂಟ ಹುಡುಗನೊಬ್ಬನನ್ನು ನೋಡಿ ಇವನಿಗೆ ಮೈದಾನ ಬೇಕು ಎಂದು ಬ್ಯಾಂಡಿನ ಶಾಲೆಗೇ ಸೇರಿಸಿದಳು. ಅವನು ಅಲ್ಲಿ ಸುಖವಾಗಿದ್ದ, ಮುಂದೆ ಡ್ರಮ್ ಬಾರಿಸಿದ.

ವೀಣಾ ಹತ್ತನೆಯ ತರಗತಿಯಲ್ಲಿದ್ದ ವರ್ಷ, ಜುಲೈ ತಿಂಗಳಲ್ಲಿ ಆಯಿಗೆ ಕಾಮಾಲೆಯಾಯಿತು. ಎರಡು ದಿನ ಕಣ್ಣು ಹಳದಿಯಾಗಿದ್ದರೂ ಮಕ್ಕಳನ್ನು ಬಿಟ್ಟು ಬಂದಿದ್ದಳು. ಮೂರನೆಯ ದಿನ ಮುನ್ಸಿಪಾಲಿಟಿ ಆಸ್ಪತ್ರೆಗೆ ಸೇರಿಸಿದೆವು, ಒಂದು ವಾರಕ್ಕೆ ತೀರಿಕೊಂಡಳು. ಮಾನಖುರ್ದದಿಂದ ಮಗಳು ಬಂದಿದ್ದಳು. ಅವಳ ಜೊತೆ ಸ್ಮಶಾನದ ಬಾಗಿಲವರೆಗೆ ಬಿಲ್ಡಿಂಗಿನ ಹೆಂಗಸರೆಲ್ಲ ಹೋದೆವು.

ಮಾರನೆಯ ಬೆಳಿಗ್ಗೆ ಶಾಲೆಯಿತ್ತು. ಮಕ್ಕಳನ್ನು ಯಾರಾದರೂ ಬಿಡಬೇಕಲ್ಲ. ನಾವು ನಾಲ್ವರು ತಾಯಂದಿರು ನಾಲ್ಕು ಶಾಲೆಗಳನ್ನು ಹಂಚಿಕೊಂಡೆವು. ವೀಣಾ ತಾನೇ ಹೋಗುವಷ್ಟು ದೊಡ್ಡವಳಾಗಿದ್ದಳು, ಆದರೂ ನಾನು ತಗಡಿನ ಶಾಲೆಯನ್ನೇ ಕೇಳಿ ತೆಗೆದುಕೊಂಡೆ. ಮೂವರು ಪುಟ್ಟವರು. ಮಳೆ ಹನಿಯುತ್ತಿತ್ತು. ಗೇಟಿನೊಳಗೆ ಅವರನ್ನು ಬಿಟ್ಟು ನಾನು ತಿರುಗಿದಾಗ ಎರಡನೆಯ ತರಗತಿಯ ಹುಡುಗಿ ವಾಪಸ್ ಓಡಿ ಬಂದು ನನ್ನ ಸೆರಗು ಹಿಡಿದಳು.

“ಆಂಟಿ, ಅಭೀ ಹೋಗ್ಬಾರ್ದು. ನಾವು ಕ್ಲಾಸಲ್ಲಿ ಕೂತ್ಕೊಳ್ಳೋ ತಕ್ ಆಯಿ ಇಲ್ಲಿ ನಿಲ್ತಾರೆ.”

ಅವಳು ತೋರಿಸಿದ ಜಾಗಕ್ಕೆ ಹೋಗಿ ನಿಂತೆ. ಅಲ್ಲಿಂದ ಆ ಮೂವರ ಕ್ಲಾಸುಗಳ ಕಿಟಕಿಗಳೂ ಕಾಣುತ್ತಿದ್ದವು. ಮೂವರೂ ಒಬ್ಬೊಬ್ಬರಾಗಿ ಕಿಟಕಿಗೆ ಬಂದು ನನ್ನನ್ನು ನೋಡಿ ತಮ್ಮ ತಮ್ಮ ಜಾಗದಲ್ಲಿ ಕೂತರು. ಆಯಿಯ ಕೆಲಸಕ್ಕೆ ಹೊಸ ಹೆಂಗಸು ಸಿಕ್ಕಿದ್ದು ದೀಪಾವಳಿ ರಜೆಯ ಹೊತ್ತಿಗೆ, ಅಲ್ಲಿಯ ತನಕ ನಾನು ದಿನಾ ಹಾಗೆ ನಿಂತೆ.